ಬ್ಯಾಲೆನ್ಸಿಗೊಬ್ಬ ಭಾವಮೈದ

ಸೊಟ್ಟಗಿರುವುದನ್ನು ಕಂಡರೆ ಸುಮ್ಮನಿರಲಾರದವನಿಗೆ ದೇವರು ಹುಡುಕಿ ಹುಡುಕಿ ಸೊಟ್ಟ ಕಾರನ್ನೇ ಕೊಡಿಸುತ್ತಾನೆ ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಫೋಟೋಗಳಿಗೆ ಕಟ್ಟು ಹಾಕಿ ಬದುಕುತ್ತಿದ್ದ ನಮ್ಮ ರಸಮಟ್ಟನಿಗೆ ಆಗಿದ್ದು ಅದೇ.

ರಸಮಟ್ಟ ಅನ್ನೋದು ಅವನ ಹೆಸರಲ್ಲ. ಗಾರೆ ಕೆಲಸದವರು ಗೋಡೆ ಸಮ ಇದೆಯೋ ಇಲ್ಲವೋ ಅಂತ ಇಟ್ಟು ನೋಡುವ, ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಅತ್ತಿತ್ತ ಓಡಾಡುವ ಪಟ್ಟಿ ಇದೆಯಲ್ಲ, ಅದರ ಹೆಸರು. ಅದು ಸದಾ ಅವನ ಚೀಲದಲ್ಲಿ ಇರುತ್ತಿತ್ತು, ಅದಕ್ಕೇ ಜನ ಅವನಿಗೂ ಅದೇ ಹೆಸರಿಟ್ಟಿದ್ದರು. ಯಾರ ಮನೆಗೆ ಹೋದರೂ ಹೇಗಿದ್ದೀರಿ ಅಂತ ಕೇಳುವ ಮೊದಲೇ ಕತ್ತು ಓರೆ ಮಾಡಿ ಗೋಡೆ ನೋಡುತ್ತಿದ್ದ, ಅಲ್ಲಿ ಯಾವುದಾದರೂ ಫೋಟೋ ವಾಲಿದ್ದರೆ ಕೂತ ಕುರ್ಚಿಯನ್ನೇ ಎಳೆದುಕೊಂಡು ಹತ್ತುತ್ತಿದ್ದ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದವನು ಅಳುವವರ ನಡುವೆಯೇ ಸ್ಟೂಲು ಹತ್ತಿ, ಸತ್ತವರ ಫೋಟೋವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ಇಳಿದಿದ್ದ. ಪಾಪ, ದುಃಖ ತಡೆಯಲಾರದೆ ಫೋಟೋ ಮುಟ್ಟಿ ಬಂದ ಅಂತ ಮನೆಯವರು ತಿಳಿದರು.

ಅವನಿಗೆ ಬಜಾರಿನಲ್ಲಿ ಒಂದು ಅಂಗಡಿ. ಮದುವೆಗೂ ಮುಂಚಿನಿಂದ ಅದೇ ಅಂಗಡಿ, ಅದೇ ಮೇಜು, ಅದೇ ಗಾಜು ಕೊಯ್ಯುವ ವಜ್ರದ ಕಡ್ಡಿ. ಹಳೇ ಮಾಲೀಕರು ಇರುವವರೆಗೆ ಏನೂ ಚಿಂತೆ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಕಟ್ಟಡ ಮಗನ ಕೈಗೆ ಬಂತು. ಮಗರಾಯ ಬಂದವನೇ ಅಂಗಡಿ ಖಾಲಿ ಮಾಡಿ, ಇಲ್ಲಿ ಮೊಬೈಲ್ ಶೋರೂಮ್ ಬರುತ್ತೆ ಅಂದ. ಕರಾರಿನ ಅವಧಿ ಇನ್ನೂ ಇದೆಯಲ್ಲ ಅನ್ನಲು ರಸಮಟ್ಟ ಬಾಯಿ ತೆರೆದ. ಆದರೆ ಅವನು ಬಾಯಿ ತೆರೆದು ಮಾತು ಹೊರಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮಾಲೀಕ ಬೈಕು ಹತ್ತಿ ಹೋಗಿಯಾಗಿತ್ತು. ಮರುವಾರ ಅಂಗಡಿ ಬಾಗಿಲಿಗೆ ಅಡ್ಡವಾಗಿ ಒಂದು ಲೋಡು ಇಟ್ಟಿಗೆ ಬಿತ್ತು. ಅದರ ಮರುವಾರ ಕರೆಂಟಿನ ವೈರು ತುಂಡಾಯಿತು. ಯಾರ ಕೆಲಸ ಅಂತ ಬಜಾರಿಗೆಲ್ಲ ಗೊತ್ತಿತ್ತು, ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ಪೊಲೀಸ್ ಸ್ಟೇಷನ್‌ಗೆ ಹೋಗಿ ಒಂದು ಮಾತು ಹೇಳಿ ಬನ್ನಿ ಅಂತ ಹೆಂಡತಿ ದಿನಾ ಹೇಳುತ್ತಿದ್ದಳು. ಒಂದು ದಿನ ಹೋದ. ಗೇಟಿನವರೆಗೂ ಹೋದ. ಒಳಗೆ ಯಾರೋ ಯಾರನ್ನೋ ಗದರಿಸುವುದು ಕೇಳಿತು, ತನ್ನನ್ನೇ ಗದರಿಸಿದಂತಾಗಿ ಬಂದ ದಾರಿಗೆ ಸುಂಕವಿಲ್ಲ ಅಂತ ಮನೆಗೆ ವಾಪಸಾದ. ಸ್ಟೇಷನ್ನಿನಲ್ಲಿ ಸಾಹೇಬರು ಇರಲಿಲ್ಲ ಅಂತ ಹೆಂಡತಿಗೆ ಹೇಳಿದ. ಅಂಗಡಿ ಹೋಗುತ್ತೆ ಅನ್ನುವ ಯೋಚನೆ ಬಂದಾಗಲೆಲ್ಲ ಅವನು ಎದ್ದು, ಅಂಗಡಿಯ ಗೋಡೆಯಲ್ಲಿ ನೆಟ್ಟಗೇ ಇದ್ದ ಫೋಟೋಗಳನ್ನು ಇನ್ನೊಮ್ಮೆ ನೆಟ್ಟಗೆ ಮಾಡುತ್ತಿದ್ದ. ಆ ನಾಲ್ಕು ಗೋಡೆ ಬಿಟ್ಟರೆ ಅವನಿಗೆ ಬೇರೆ ಜಗತ್ತು ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಾರು ಬಂತು. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋದ ಗಾಜುಗಳು ಗಿರಾಕಿಯ ಮನೆ ತಲುಪುವುದರೊಳಗೆ ಚೂರಾಗುತ್ತಿದ್ದವು, ಅದಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ಹಳೇ ಕಾರನ್ನು ಕೊಂಡುಕೊಂಡ. ತಗೊಳ್ಳುವ ಮುಂಚೆ ಯಾರಾದರೂ ಮೆಕ್ಯಾನಿಕ್‌ಗೆ ತೋರಿಸಿ ಅಂತ ಹೆಂಡತಿ ಹೇಳಿದಳು. ಸೊಟ್ಟ ಯಾವುದು, ನೆಟ್ಟಗೆ ಯಾವುದು ಅಂತ ನನಗೆ ಇನ್ನೊಬ್ಬ ಹೇಳಿಕೊಡಬೇಕಾ ಅಂತ ರಸಮಟ್ಟನಿಗೆ ರೇಗಿತು. ಮ್ಯಾನೇಜರ ಎದುರಿಗೇ ಚೀಲದಿಂದ ಗುಳ್ಳೆಯ ಪಟ್ಟಿಯನ್ನು ತೆಗೆದು ಬಾನೆಟ್ ಮೇಲಿಟ್ಟ, ಡಿಕ್ಕಿ ಮೇಲಿಟ್ಟ, ಸೀಟಿನ ಮೇಲೂ ಇಟ್ಟ. ಎಲ್ಲ ಕಡೆಯೂ ಗುಳ್ಳೆ ಮಧ್ಯಕ್ಕೇ ಬಂದು ನಿಂತಿತು. ನಿಲ್ಲದೇ ಏನು, ಕಾರೂ ನಿಂತೇ ಇತ್ತಲ್ಲ. ನಿಲ್ಲಿಸಿಡುವುದಕ್ಕೆ ಅಂತ ಯಾರೂ ಕಾರು ಕೊಳ್ಳುವುದಿಲ್ಲ ಅನ್ನೋದು ಅವನಿಗೆ ಹೊಳೆಯಲಿಲ್ಲ.

ರಸ್ತೆಗೆ ಇಳಿದ ಮೇಲೆ ಬಂಡವಾಳ ಬಯಲಾಯಿತು. ಕಾರು ಎಡಕ್ಕೆ ಎಳೆಯುತ್ತಿತ್ತು. ಹಟಮಾರಿ ಮಗು ಅಂಗಡಿ ಕಡೆಗೆ ಕೈ ಎಳೆಯುವ ಹಾಗೆ, ಜೋರಾಗಿ ಅಲ್ಲ, ಆದರೆ ಬಿಡದೆ. ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದಿರಬೇಕು. ಹಾಗೆ ಹಿಡಿದರೆ ಅದರ ನಟ್ಟನಡುವೆ ಇರುವ ಕಂಪನಿಯ ಗುರುತು ಓರೆಯಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ನೆಟ್ಟಗೆ ಮಾಡಿದರೆ ಗಾಡಿ ಚರಂಡಿ ಕಡೆಗೆ. ಗಾಡಿ ನೆಟ್ಟಗಾದರೆ ಗುರುತು ಸೊಟ್ಟ, ಗುರುತು ನೆಟ್ಟಗಾದರೆ ಗಾಡಿ ಸೊಟ್ಟ. ಮಹಾ ಮಹಾ ರಾಜರಿಗೂ ಇಂಥ ಧರ್ಮಸಂಕಟ ಬಂದಿರಲಿಕ್ಕಿಲ್ಲ. ಕೊನೆಗೆ ಅವನೇ ಒಂದು ಉಪಾಯ ಕಂಡುಕೊಂಡ. ತನ್ನ ಕತ್ತನ್ನೇ ಬಲಕ್ಕೆ ವಾಲಿಸಿದ. ಆಗ ಗುರುತು ನೆಟ್ಟಗೆ ಕಂಡಿತು, ಕಾರೂ ನೆಟ್ಟಗೆ ಹೋಯಿತು, ಎದುರು ಬರುವವರು ಮಾತ್ರ ಈ ಮನುಷ್ಯನಿಗೆ ಏನಾಗಿದೆ ಅಂತ ಗಾಡಿ ನಿಲ್ಲಿಸಿ ನೋಡಿದರು.

ತಪ್ಪು ಕಾರಿನದು ಅಂತ ಒಪ್ಪಿಕೊಂಡರೆ ಹೆಂಡತಿಯ ಮಾತು ಗೆದ್ದಂತಾಗುತ್ತದೆ. ಅದಕ್ಕೆ ಮೊದಲು ರಸ್ತೆಯನ್ನು ಬೈದ. ಆಮೇಲೆ ಗಾಳಿಯನ್ನು ಬೈದ. ಒಂದು ದಿನ ಹೊಸ ಚಪ್ಪಲಿಯನ್ನೂ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹೆಂಡತಿ ಪಾತ್ರೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡಳು, ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ.

ಕಡೆಗೆ ಅವನ ಕಸುಬೇ ಅವನ ಕೈ ಹಿಡಿಯಿತು, ಅಥವಾ ಕೈ ಕೊಟ್ಟಿತು ಅನ್ನಿ. ಗೋಡೆಗೆ ತಗಲಿಸಿದ ಫ್ರೇಮು ಎಡಕ್ಕೆ ವಾಲಿದರೆ ಕಟ್ಟು ಹಾಕುವವರು ಏನು ಮಾಡುತ್ತಾರೆ? ಹಿಂಭಾಗದಲ್ಲಿ, ಬಲಗಡೆ ಮೂಲೆಗೆ ಒಂದು ತುಂಡು ಸೀಸ ಅಂಟಿಸುತ್ತಾರೆ. ಭಾರ ಬಿದ್ದ ಕಡೆ ಬಗ್ಗುತ್ತದೆ, ಫ್ರೇಮು ನೆಟ್ಟಗಾಗುತ್ತದೆ. ಫ್ರೇಮಿಗೆ ಆಗುವುದು ಕಾರಿಗೆ ಯಾಕಾಗಬಾರದು? ಹಿಂದಿನ ಸೀಟಿನ ಬಲಗಡೆಗೆ ಒಳ್ಳೇ ಭಾರ ಒಂದು ಬೇಕು, ಅಷ್ಟೇ. ಗಾಜಿನ ಚೂರಿನ ಡಬ್ಬ ಇಟ್ಟು ನೋಡಿದ, ದಾರಿಯುದ್ದ ಅದು ಮಾಡಿದ ಸದ್ದಿಗೆ ತಲೆ ಕೆಟ್ಟಿತು. ಮರದ ಪಟ್ಟಿಗಳನ್ನು ಇಟ್ಟ, ತಿರುವಿನಲ್ಲಿ ಉರುಳಿ ಬಂದು ಬೆನ್ನಿಗೆ ತಿವಿದವು. ಆಗ ನೆನಪಾದವನು ಭಾವಮೈದ.

ಹೆಂಡತಿಯ ತಮ್ಮ ಅವನು. ಊರಿನ ಇನ್ನೊಂದು ತುದಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದ. ಆಳು ಒಳ್ಳೆಯವನು, ಮಾತು ಕಮ್ಮಿ, ದೇಹ ಜಾಸ್ತಿ. ಹಿಡಿದ ಕೆಲಸ ಯಾವುದೂ ಕೈಗೆ ಹತ್ತಿರಲಿಲ್ಲ. ಭೂಮಿಗೆ ಭಾರ, ತಿನ್ನೋಕೆ ಮುಂದು ದುಡಿಯೋಕೆ ಹಿಂದು ಅಂತ ಮನೆಯವರು ಅವನ ಮುಂದೆಯೇ ಅನ್ನುತ್ತಿದ್ದರು, ಅವನು ನಗುತ್ತಿದ್ದ. ಆ ನಗುವಿನ ಹಿಂದೆ ಎಷ್ಟು ನೋವಿತ್ತು ಅಂತ ಯಾರೂ ಕೇಳಿರಲಿಲ್ಲ. ಭಾವ ಬಂದು ದಿನಾ ನನ್ನ ಜೊತೆ ಕಾರಿನಲ್ಲಿ ಬರ್ತೀಯಾ, ನೀನು ಬರದಿದ್ರೆ ಆಗಲ್ಲ ಅಂದಾಗ ಅವನು ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ನೀನು ಬರದಿದ್ರೆ ಆಗಲ್ಲ ಅನ್ನುವ ಮಾತನ್ನು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಅವನಿಗೆ ಆಗ ಕಣ್ಣುಬೇನೆ ಬೇರೆ. ಡಾಕ್ಟರು ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳಿದ್ದರು. ಒಗೆದು ಇಸ್ತ್ರಿ ಮಾಡಿದ ಬಿಳೀ ಅಂಗಿ, ಕಪ್ಪು ಕನ್ನಡಕ, ಬಾಗಿಲು ತುಂಬುವಷ್ಟು ಅಗಲ. ಹೀಗೆ ಸಜ್ಜಾಗಿ ಬಂದು ಹಿಂದಿನ ಸೀಟಿನ ಬಲಗಡೆ ಕೂತ. ಕಾರು ಒಂದು ಉಸಿರು ಬಿಟ್ಟು ಅತ್ತ ಬಗ್ಗಿತು. ರಸಮಟ್ಟ ಹೊರಟ. ನೆಟ್ಟಗೆ ಹೋಯಿತು ಅಂತ ಅವನಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ನೆಟ್ಟಗೆ ನಡೆಸಿದ್ದು ಬಲಕ್ಕೆ ಎಳೆದು ಹಿಡಿದ ಅವನ ಕೈಯೇ, ಆದರೆ ಕೀರ್ತಿ ಪೂರ್ತಿ ಭಾವಮೈದನಿಗೆ ಹೋಯಿತು.

ಬಜಾರಿನಲ್ಲಿ ಕಾರು ನಿಂತಾಗ ಮೊದಲು ನೋಡಿದವನು ಎದುರಂಗಡಿ ಟೈಲರ್. ಈ ಟೈಲರ್ ಅಂಗಿ ಹೊಲಿದು ಕೊಡಲು ತಿಂಗಳು ತಗೊಳ್ಳುತ್ತಿದ್ದ, ಸುದ್ದಿ ಹೊಲಿಯಲು ಕಾಲು ಗಂಟೆ ಸಾಕಿತ್ತು. ಹಿಂದೆ ಕೂತ ಕಪ್ಪು ಕನ್ನಡಕದ ಆಸಾಮಿ ಇಳಿಯಲಿಲ್ಲ. ಗಾಡಿಯಲ್ಲಿ ಇನ್ನೂ ಗಾಜಿದೆ, ಭಾರ ತಪ್ಪಿದರೆ ವಾಲುತ್ತೆ, ನಾನು ಹೇಳೋವರೆಗೆ ಅಲುಗಾಡಬೇಡ ಅಂತ ರಸಮಟ್ಟ ಅವನಿಗೆ ಹೇಳಿದ್ದ. ಅವನು ಕೈ ಕಟ್ಟಿಕೊಂಡು, ತುಟಿ ಬಿಗಿದು, ಬಜಾರನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ನೋಡುತ್ತ ಕೂತ. ತುಟಿ ಬಿಗಿದಿದ್ದು ಬಾಯಲ್ಲಿ ಬನ್ನು ಇದ್ದುದರಿಂದ.

ಟೈಲರ್ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಬಂದು ಯಾರಣ್ಣ ಅವರು ಅಂತ ಪಿಸುಗುಟ್ಟಿದ. ಕಾರು ಎಡಕ್ಕೆ ಎಳೆಯುತ್ತೆ, ಅದಕ್ಕೆ ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು ಬಂದೆ ಅಂತ ಬಜಾರಿನ ಮಧ್ಯೆ ಹೇಳೋಕಾಗುತ್ತಾ? ರಸಮಟ್ಟ ಗಂಟಲು ಸರಿ ಮಾಡಿಕೊಂಡ.

"ಈಗೀಗ ಎಡಗಡೆಯಿಂದ ಸ್ವಲ್ಪ ತೊಂದರೆ ಆಗಿದೆ. ಅವನು ಹಿಂದೆ ಇದ್ರೆ ಧೈರ್ಯ. ಅವನಿಲ್ದೆ ನಾನು ರಸ್ತೆಗೆ ಇಳಿಯೋ ಹಾಗೇ ಇಲ್ಲ."

ಅಂಗಡಿಯ ಎಡಗಡೆ ಇದ್ದದ್ದು ಕಟ್ಟಡದ ಮಾಲೀಕನ ಆಫೀಸು. ಟೈಲರ್ ಒಮ್ಮೆ ಆ ಕಡೆ ನೋಡಿದ, ಒಮ್ಮೆ ಕಾರಿನ ಕಡೆ ನೋಡಿದ, ಬಾಯಲ್ಲಿದ್ದ ಸೂಜಿ ನುಂಗದೇ ಇದ್ದದ್ದು ಪುಣ್ಯ. ಮಧ್ಯಾಹ್ನದೊಳಗೆ ಬಜಾರಿಗೆಲ್ಲ ಗೊತ್ತಾಯಿತು, ಕಟ್ಟಿನಂಗಡಿಯವನು ಬಾಡಿಗಾರ್ಡ್ ಇಟ್ಟಿದಾನೆ. ಸಂಜೆಗೆ ಆ ಬಾಡಿಗಾರ್ಡು ಹಿಂದೆ ದೊಡ್ಡ ಮಂತ್ರಿಯ ಹತ್ತಿರ ಇದ್ದವನಾದ. ಮಾರನೇ ದಿನ ಕಟ್ಟಿನಂಗಡಿಯವನೂ ಸಾಮಾನ್ಯದವನಲ್ಲ, ಮೇಲಿನವರ ಫೋಟೋಗಳಿಗೆಲ್ಲ ಇವನೇ ಕಟ್ಟು ಹಾಕೋದು, ಒಂದು ಫೋನು ಮಾಡಿದರೆ ಸಾಕು ಅಂತ ಔಷಧಿ ಅಂಗಡಿಯವನು ಪ್ರಮಾಣ ಮಾಡಿ ಹೇಳಿದ. ಆಡುವ ಬಾಯಿಗೆ ಬೀಗ ಹಾಕೋಕಾಗುತ್ತಾ?

ರಸಮಟ್ಟನಿಗೆ ಇದ್ಯಾವುದೂ ಗೊತ್ತಿಲ್ಲ. ಜನ ಇದ್ದಕ್ಕಿದ್ದ ಹಾಗೆ ಎದ್ದು ನಿಂತು ಮಾತಾಡಿಸುವುದು, ಚಹಾದವನು ಕೇಳದೆಯೇ ಚಹಾ ತಂದಿಡುವುದು ಕಂಡು, ಕಾರು ಅಂದರೆ ಕಾರೇ, ಸ್ಕೂಟರಿನವನಿಗೆ ಈ ಮರ್ಯಾದೆ ಎಲ್ಲಿತ್ತು ಅಂತ ತಿಳಿದ.

ಸುದ್ದಿಗೆ ಸರ್ಕಾರದ ಮುದ್ರೆ ಬಿದ್ದದ್ದು ಸರ್ಕಲ್ಲಿನಲ್ಲಿ. ಅಲ್ಲಿ ಛತ್ರಿಯ ಕೆಳಗೆ ನಿಲ್ಲುವ ಟ್ರಾಫಿಕ್ ಪೊಲೀಸಿನವನಿಗೆ ಒಂದು ಬೆಳಿಗ್ಗೆ, ಈ ಕಾರು ತನ್ನ ಕಟ್ಟೆಯ ಕಡೆಗೇ ಮೂತಿ ತಿರುಗಿಸಿಕೊಂಡು ಬರುತ್ತಿರುವುದು ಕಂಡಿತು. ರಸಮಟ್ಟ ಆ ಹೊತ್ತಿಗೆ ಸೀನಲು ಒಂದು ಕೈ ಬಿಟ್ಟಿದ್ದ. ಪೊಲೀಸಿನವನು ಸೀಟಿ ಊದಿ ನಿಲ್ಲಿಸಿ, ಬೈಯಲು ಸಿದ್ಧನಾಗಿ ಕಿಟಕಿಗೆ ಬಗ್ಗಿದ. ಬಗ್ಗಿದವನಿಗೆ ಹಿಂದೆ ಕೂತ ಕಪ್ಪು ಕನ್ನಡಕ ಕಾಣಿಸಿತು. ಭಾವಮೈದನಿಗೆ ಬಾಯಲ್ಲಿ ಬಿಸ್ಕತ್ತು, ಮಾತಾಡುವ ಹಾಗಿಲ್ಲ. ಒಂದು ನಿಮಿಷ ತಡೀರಿ ಅನ್ನುವ ಹಾಗೆ ಅವನು ಅಂಗೈ ಎತ್ತಿ ತೋರಿಸಿದ. ಯಾವುದೋ ಮಫ್ತಿಯಲ್ಲಿರುವ ದೊಡ್ಡ ಸಾಹೇಬರು ಇರಬೇಕು, ಇಲ್ಲದಿದ್ದರೆ ಪೊಲೀಸಿನವನಿಗೆ ಹೀಗೆ ಕೈ ತೋರಿಸುವ ಎದೆಗಾರಿಕೆ ಯಾರಿಗಿದೆ? ಪೊಲೀಸಿನವನು ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದ. ಆ ಸಲ್ಯೂಟನ್ನು ಬಜಾರಿನ ಕನಿಷ್ಠ ಅರ್ಧ ಜನ ನೋಡಿದರು, ಉಳಿದರ್ಧ ಜನರಿಗೆ ಟೈಲರ್ ಅಭಿನಯಿಸಿ ತೋರಿಸಿದ.

ಮಾಲೀಕನ ಮುಖ ಆವತ್ತಿನಿಂದ ಸಪ್ಪೆ. ಇಟ್ಟಿಗೆ ಹಾಕಿಸಿದವನು ಅವನು, ವೈರು ಕತ್ತರಿಸಿದವನು ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ, ಯಾರೂ ಏನೂ ಅನ್ನದಿದ್ದರೂ ಆಫೀಸಿನ ಕಿಟಕಿಗೆ ಪರದೆ ಹಾಕಿಸಿದ. ಹಾಗಂತ ಶೋರೂಮಿನ ಆಸೆ ಬಿಡಲೂ ಮನಸ್ಸಿಲ್ಲ. ಬಾಡಿಗಾರ್ಡ್ ಇಲ್ಲದ ಹೊತ್ತು ನೋಡಿ ಒಬ್ಬನನ್ನೇ ಹಿಡಿದು ನಯವಾಗಿ ಮುಗಿಸಬೇಕು ಅಂತ ಕಾದು ಕೂತ.

ಆ ಹೊತ್ತು ಬರಲು ಕಾರಣ ಹೆಂಡತಿ. ಅಂಗಡಿಗೆ ರಜೆಯ ದಿನ ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ, ಎಡಗಡೆ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಟೈರಿನ ಒಂದು ಅಂಚು ಬೋಳಾಗಿ ಹೊಳೆಯುತ್ತಿತ್ತು, ಇನ್ನೊಂದು ಅಂಚಿನ ಗೆರೆಗಳು ಹೊಸದರ ಹಾಗೇ ಇದ್ದವು. ಅವಳು ಒಳಗೆ ಹೋಗಿ ಗಂಡನ ಹಳೇ ಚಪ್ಪಲಿ ತಂದು ಟೈರಿನ ಪಕ್ಕದಲ್ಲಿಟ್ಟು ಅವನನ್ನು ಕರೆದಳು.

"ಈ ಚಪ್ಪಲಿ ಒಂದೇ ಕಡೆ ಯಾಕೆ ಸವೆದಿದೆ? ನೀವು ಕಾಲು ಓರೆ ಇಟ್ಟು ನಡೀತೀರಿ, ಅದಕ್ಕೆ. ಈ ಚಕ್ರಾನೂ ಕಾಲು ಓರೆ ಇಡ್ತಾ ಇದೆ. ನನ್ನ ತಮ್ಮನ್ನ ಹಿಂದೆ ಕೂರಿಸಿದ್ರೆ ಅದರ ಕಾಲು ನೆಟ್ಟಗಾಗುತ್ತಾ?"

ರಸಮಟ್ಟ ವಾದ ಮಾಡಲು ಬಾಯಿ ತೆರೆದ. ಆದರೆ ಮಾತು ಬರುವ ಮುಂಚೆ ಅವನ ಕೈ ಚೀಲಕ್ಕೆ ಹೋಗಿ ದಾರ ತಂದಿತು. ಹಿಂದಿನ ಚಕ್ರಕ್ಕೆ ಒತ್ತಿ ದಾರ ಹಿಡಿದು ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದ, ಫ್ರೇಮಿನ ಪಟ್ಟಿ ನೇರ ಇದೆಯಾ ನೋಡುವ ಹಾಗೇ. ಹಿಂದಿನ ಚಕ್ರದ ಎರಡೂ ಅಂಚಿಗೆ ದಾರ ತಾಗಿತ್ತು. ಬಲಗಡೆ ಹೋಗಿ ನೋಡಿದ, ಮುಂದಿನದು ಹೆಚ್ಚುಕಮ್ಮಿ ಸರಿ ಇತ್ತು. ಎಡಗಡೆ ಮುಂದಿನ ಚಕ್ರ ಮಾತ್ರ ಹೊರಕ್ಕೆ ಮುಖ ತಿರುಗಿಸಿ ನಿಂತಿತ್ತು, ಮುನಿಸಿಕೊಂಡವರ ಹಾಗೆ. ಸ್ಟಿಯರಿಂಗ್ ಓರೆ ಯಾಕೆ, ಗಾಡಿ ಎಡಕ್ಕೆ ಯಾಕೆ, ಟೈರು ಬೋಳು ಯಾಕೆ, ತನ್ನ ಕತ್ತು ನೋವು ಯಾಕೆ ಅಂತ ಅವನಿಗೆ ಒಟ್ಟಿಗೆ ಅರ್ಥವಾಯಿತು. ಪಕ್ಕದ ಮನೆಯ ಗೋಡೆಯ ಮೇಲಿನ ಕೂದಲೆಳೆಯಷ್ಟು ಓರೆಯೂ ಕಾಣುವ ಕಣ್ಣಿಗೆ ತಾನು ಕೂತ ಗಾಡಿಯ ಚಕ್ರ ಕಂಡಿರಲಿಲ್ಲ. ಇಷ್ಟಾದರೂ ಅವನಿಗೆ ಬೇಜಾರಾಗಲಿಲ್ಲ. ಸೊಟ್ಟ ಎಲ್ಲಿದೆ ಅಂತ ಗೊತ್ತಾದ ಖುಷಿಯೇ ಅವನಿಗೆ ದೊಡ್ಡದು. ಹೆಂಡತಿ ಹಾಗಾದ್ರೆ ಈಗಲೇ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸ್ಕೊಂಡು ಬನ್ನಿ ಅಂತ ಕೀಲಿ ಕೈಗಿಟ್ಟಳು. ಭಾವಮೈದ ಆವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ.

ಅಲೈನ್‌ಮೆಂಟ್ ಮಾಡುವ ಅಂಗಡಿ ಸರ್ಕಲ್ ದಾಟಿ, ಪೊಲೀಸ್ ಸ್ಟೇಷನ್ ದಾಟಿ ಮುಂದೆ. ಬೆನ್ನ ಹಿಂದೆ ಭಾರವಿಲ್ಲದೆ ರಸಮಟ್ಟ ಕತ್ತು ವಾಲಿಸಿಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಲಕ್ಕೆ ಹಿಡಿದುಕೊಂಡು ಹೊರಟ. ಬಜಾರಿನ ಮೂಲೆಯಲ್ಲಿ ಮಾಲೀಕ ಕೈ ಅಡ್ಡ ಹಿಡಿದ. ಹಿಂದಿನ ಸೀಟು ಖಾಲಿ ಇರುವುದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡು, ಒಂದೈದು ನಿಮಿಷ ಮಾತಾಡಬೇಕಿತ್ತು, ಇದೇ ಕಡೆ ಹೋಗ್ತಾ ಇದೀನಿ ಅನ್ನುತ್ತ ಬಾಗಿಲು ತೆಗೆದು ಮುಂದೆ ಕೂತೇಬಿಟ್ಟ. ಅವನು ಕೂತದ್ದು ಎಡಗಡೆ. ರಸಮಟ್ಟ ಸ್ಟಿಯರಿಂಗನ್ನು ಇನ್ನಷ್ಟು ಬಲಕ್ಕೆ ಎಳೆದು ಹಿಡಿದ. ಮೊದಲೇ ಎಡಕ್ಕೆ ಎಳೆಯುವ ಗಾಡಿ, ಅದರ ಮೇಲೆ ಈ ಪ್ರಾಣಿ ಬೇರೆ.

ಮಾಲೀಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆದ. ಅಪ್ಪನ ಕಾಲದಿಂದ ಇದ್ದವರು ನೀವು, ನಿಮ್ಮನ್ನ ಬೀದಿಗೆ ಹಾಕ್ತೀನಾ, ಮೆಟ್ಟಿಲ ಕೆಳಗಿನ ಕೋಣೆ ಇದೆಯಲ್ಲ, ಮೀಟರ್ ಬೋರ್ಡ್ ಇರೋದು, ಅದನ್ನ ನಿಮಗೇ ಬಿಟ್ಟು ಕೊಡ್ತೀನಿ, ಈ ವಾರ ಅಲ್ಲಿಗೆ ಸಾಮಾನು ಸಾಗಿಸಿಬಿಡಿ ಅಂದ. ರಸಮಟ್ಟನಿಗೆ ಆ ಕೋಣೆ ಕಣ್ಣ ಮುಂದೆ ಬಂತು. ಪೊರಕೆ ನೆಟ್ಟಗೆ ನಿಲ್ಲಿಸಲೂ ಜಾಗವಿಲ್ಲದ ಕೋಣೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಮಾತು ಹೊತ್ತಿಗೆ ಸರಿಯಾಗಿ ಹೊರಟಿತು. ಬರೀ ಮಾತು ಸಾಲದು ಅನ್ನಿಸಿ, ಗಿರಾಕಿಗಳಿಗೆ ಅಳತೆ ತೋರಿಸುವ ಅಭ್ಯಾಸದಿಂದ ಎರಡೂ ಕೈ ಸ್ಟಿಯರಿಂಗ್ ಬಿಟ್ಟು ಮೇಲೆದ್ದವು.

"ನಂದು ಗಾಜಿನ ಹಾಳೆ ಇಷ್ಟು ಉದ್ದ ಇರುತ್ತೆ ಸಾರ್. ಆ ಕೋಣೇಲಿ ನಾನು ಹೇಗೆ..."

ಕೈ ಬಿಟ್ಟದ್ದೇ ತಡ, ಕಾರು ತನಗೆ ಬೇಕಾದ ಕಡೆ ಹೊರಟಿತು. ಅವಸರವಿಲ್ಲದೆ, ದೊಡ್ಡ ಮನುಷ್ಯರ ಗಾಡಿಯ ಗತ್ತಿನಲ್ಲಿ ಎಡಕ್ಕೆ ಹೊರಳಿ, ಹಗಲೆಲ್ಲ ತೆರೆದೇ ಇರುವ ಒಂದು ಅಗಲವಾದ ಗೇಟನ್ನು ದಾಟಿತು. ರಸಮಟ್ಟ ಗಾಬರಿಯಲ್ಲಿ ಬ್ರೇಕು ಒತ್ತಿದ. ಕಾರು ನಿಂತದ್ದು ಪೊಲೀಸ್ ಸ್ಟೇಷನ್ನಿನ ಮೆಟ್ಟಿಲಿನ ಎದುರಿಗೆ.

ರಸಮಟ್ಟ ಅಳತೆ ತೋರಿಸಲು ಎತ್ತಿದ ಕೈಗಳನ್ನು ಇಳಿಸುವುದೂ ಮರೆತು ಎದುರಿನ ಬೋರ್ಡನ್ನೇ ನೋಡುತ್ತ ಕೂತ. ಆದರೆ ಪಕ್ಕದಲ್ಲಿ ಕೂತವನಿಗೆ ಕಂಡದ್ದೇ ಬೇರೆ. ಮೆಟ್ಟಿಲ ಕೆಳಗಿನ ಕೋಣೆ ಅಂದ ತಕ್ಷಣ ಈ ಮನುಷ್ಯ ಒಂದು ಜಗಳ ಆಡಲಿಲ್ಲ, ಒಂದು ಬೈಗುಳ ಬೈಯಲಿಲ್ಲ, ಗಾಡಿಯನ್ನು ನೇರ ಸ್ಟೇಷನ್ ಒಳಗೇ ತಂದು ನಿಲ್ಲಿಸಿದ. ಈಗ ಮಾತೂ ಆಡುತ್ತಿಲ್ಲ. ಇಷ್ಟು ತಣ್ಣಗಿನ ಮನುಷ್ಯನನ್ನು ಮಾಲೀಕ ಜೀವಮಾನದಲ್ಲಿ ಕಂಡಿರಲಿಲ್ಲ.

ಅಷ್ಟು ಸಾಲದು ಅಂತ ಸರ್ಕಲ್ಲಿನ ಟ್ರಾಫಿಕ್ ಪೊಲೀಸಿನವನು ಡ್ಯೂಟಿ ಮುಗಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಪರಿಚಿತ ಕಾರು ಕಂಡು ಟೊಪ್ಪಿಗೆ ಸರಿ ಮಾಡಿಕೊಂಡು ಓಡಿ ಬಂದ. ಹಿಂದಿನ ಸೀಟಿಗೆ ಇಣುಕಿ, ಖಾಲಿ ಕಂಡು, ಬಹಳ ವಿನಯದಿಂದ ಕೇಳಿದ.

"ಇವತ್ತು ಸಾಹೇಬರು ಬಂದಿಲ್ವಾ ಸಾರ್? ಒಳಗೆ ಇನ್ಸ್‌ಪೆಕ್ಟರಿಗೆ ಏನಾದ್ರೂ ಹೇಳ್ಬೇಕಾ?"

ಸಾಹೇಬರು ಯಾರು ಅಂತ ರಸಮಟ್ಟನಿಗೆ ತಿಳಿಯಲಿಲ್ಲ. ಅವನು ಪೊಲೀಸಿನವನನ್ನು ನೋಡಿದ, ಆಮೇಲೆ ಏನು ಮಾಡಲಿ ಅಂತ ಕೇಳುವ ಹಾಗೆ ಮಾಲೀಕನನ್ನು ನೋಡಿದ. ಆ ನೋಟದ ಅರ್ಥ ಮಾಲೀಕನಿಗೆ ಬೇರೆಯೇ ಆಯಿತು. ಹೇಳಲೋ ಬೇಡವೋ, ನೀನೇ ಹೇಳು ಅಂತ. ಮಾಲೀಕ ರಸಮಟ್ಟನ ಎತ್ತಿದ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಒಳಗೆ ಹೋಗೋದು ಬೇಡ, ಮನೆ ಜಗಳ ಬೀದಿಗೆ ಯಾಕೆ, ಇಟ್ಟಿಗೆ ಸಂಜೆಯೊಳಗೆ ಎತ್ತಿಸ್ತೀನಿ, ವೈರು ಈಗಲೇ ಹಾಕಿಸ್ತೀನಿ, ಶೋರೂಮಿಗೆ ಬೇರೆ ಕಡೆ ಜಾಗ ನೋಡ್ತೀನಿ ಅಂತ ಒಂದೇ ಉಸಿರಿನಲ್ಲಿ ಹೇಳಿದ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಅಂಗಡಿ ನಿಮ್ದೇ ಸಾರ್. ನೀವಿರೋವರೆಗೂ ನಿಮ್ದೇ."

ರಸಮಟ್ಟನಿಗೆ ಕಣ್ಣು ತುಂಬಿ ಬಂತು. ಏನೂ ಇಲ್ಲ, ಸುಮ್ನೆ ಹೋಗ್ತಾ ಇದ್ವಿ ಅಂತ ಪೊಲೀಸಿನವನಿಗೆ ಹೇಳಿದ, ಅದೂ ನಿಜವೇ. ಪೊಲೀಸಿನವನು ಸಲ್ಯೂಟ್ ಹೊಡೆದು, ಅವರ ಗಾಡಿ ಹಿಂದಕ್ಕೆ ಬರಲು ದಾರಿ ಮಾಡಿಕೊಟ್ಟ. ಗೇಟಿನ ಹೊರಗೆ ಮಾಲೀಕ ಇಳಿದು, ನಡ್ಕೊಂಡೇ ಹೋಗ್ತೀನಿ, ನಡಿಗೆ ಒಳ್ಳೇದು ಅಂತ ಹೇಳಿ ಹೋದ.

ಅಲೈನ್‌ಮೆಂಟ್ ಅಂಗಡಿಯವರು ನಾಲ್ಕು ಚಕ್ರಕ್ಕೂ ಏನೇನೋ ಸಿಕ್ಕಿಸಿ, ಟಿವಿಯಂಥದರಲ್ಲಿ ನೋಡಿ, ಗಾಡಿಯ ಅಡಿಯಲ್ಲಿ ತೂರಿ ನಟ್ಟು ತಿರುಗಿಸಿದರು. ಒಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲ ಮುಗಿಯಿತು. ವಾಪಸು ಬರುವಾಗ ರಸಮಟ್ಟ ಬಯಲು ರಸ್ತೆಯಲ್ಲಿ ಹೆದರುತ್ತಲೇ ಹಿಡಿತ ಸಡಿಲಿಸಿದ. ಸ್ಟಿಯರಿಂಗಿನ ಗುರುತು ನೆಟ್ಟಗೆ, ಗಾಡಿ ನೆಟ್ಟಗೆ, ಅವನ ಕತ್ತೂ ನೆಟ್ಟಗೆ. ಮನೆಗೆ ಬಂದು ಹೆಂಡತಿಗೆ ನಿನ್ನ ಮಾತೇ ಸರಿ ಅಂದ. ಇದನ್ನು ಅವನ ಬಾಯಲ್ಲಿ ಕೇಳಿದ ಅವಳು, ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿದಳು.

ಇಟ್ಟಿಗೆ ಹೋಯಿತು, ದೀಪ ಬಂತು. ಎರಡು ದಿನ ಬಿಟ್ಟು ಮಾಲೀಕ ಅಂಗಡಿಗೆ ಬಂದು, ಸ್ಟೂಲಿನ ತುದಿಯಲ್ಲಿ ಕೂತು, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂತ ನೋಡಿಕೊಂಡು ಒಂದು ಮಾತು ಕೇಳಿದ. ಆವತ್ತು ನಾನಿನ್ನೂ ಮಾತೇ ಮುಗಿಸಿರಲಿಲ್ಲ, ಅಷ್ಟರೊಳಗೆ ಗಾಡಿ ಸ್ಟೇಷನ್‌ಗೆ ತಿರುಗಿಸಬೇಕು ಅಂತ ನಿಮಗೆ ಹೇಗೆ ಹೊಳೀತು? ರಸಮಟ್ಟ ಸುಳ್ಳು ಹೇಳುವವನಲ್ಲ.

"ನಾನು ತಿರುಗಿಸ್ಲೇ ಇಲ್ಲ ಸಾರ್. ಗಾಡೀನೇ ತಾನಾಗಿ ಎಡಕ್ಕೆ ಹೋಯ್ತು."

ಮಾಲೀಕ ಎದ್ದು, ದೊಡ್ಡವರು ಯಾವಾಗಲೂ ಹೀಗೇ ಅಲ್ವಾ, ತಾವೇನೂ ಮಾಡಲಿಲ್ಲ, ಎಲ್ಲ ತಾನಾಗೇ ಆಯ್ತು ಅಂತಾರೆ ಅಂದು, ಕೈ ಮುಗಿದು, ಹಿಂದಕ್ಕೆ ಹೆಜ್ಜೆ ಇಡುತ್ತ ಹೊರಟುಹೋದ.

ಭಾವಮೈದನಿಗೆ ಕಣ್ಣು ವಾಸಿಯಾಯಿತು. ಮಾರನೇ ಬೆಳಿಗ್ಗೆ ಎಂದಿನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದ. ಕಾರು ಸರಿಹೋಯಿತು, ಇನ್ನು ಭಾರ ಬೇಡ ಅಂತ ರಸಮಟ್ಟ ಹೇಳಿದ. ಬಾಗಿಲ ಹಿಡಿಯ ಮೇಲಿದ್ದ ಭಾವಮೈದನ ಕೈ ಅಲ್ಲೇ ನಿಂತಿತು. ಎಂದಿನ ಹಾಗೆ ನಗಲು ನೋಡಿದ, ಈ ಸಲ ನಗು ಬರಲಿಲ್ಲ.

"ಹಾಗಾದ್ರೆ ನಾನು ಬೇಡ್ವಾ ಭಾವ?"

ರಸಮಟ್ಟನಿಗೆ ಹೇಳಬೇಕಾದ ಹೊತ್ತಿಗೆ ಮಾತು ಬರದಿದ್ದರೆ ಅನ್ನುವ ಹೆದರಿಕೆ ಒಂದು ಕ್ಷಣ ಹಿಡಿಯಿತು. ಆದರೆ ಬಂತು.

"ಕಾರಿಗೆ ಬೇಡ ಕಣೋ, ಅಂಗಡಿಗೆ ಬೇಕು. ಆ ದೊಡ್ಡ ಗಾಜು ಒಬ್ಬನ ಕೈಲಿ ಏಳಲ್ಲ. ಬಾ, ಮುಂದೆ ಕೂತ್ಕೋ."

ಬಜಾರಿನಲ್ಲಿ ಕಾರು ನಿಂತಿತು. ಕಪ್ಪು ಕನ್ನಡಕವಿಲ್ಲದ ಬಾಡಿಗಾರ್ಡು ಮುಂದಿನ ಸೀಟಿನಿಂದ ಇಳಿಯುವುದನ್ನು ಕಂಡು ಟೈಲರ್ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದ. ರಸಮಟ್ಟ ಅವನು ಕೇಳುವ ಮೊದಲೇ, ಬಜಾರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ, ಇವನು ನನ್ನ ಭಾವಮೈದ, ಇವತ್ತಿಂದ ಅಂಗಡೀಲಿ ನನ್ನ ಜೊತೆ. ಟೈಲರ್ ಎರಡೂ ಕೈ ಜೋಡಿಸಿದ. ಭಾವಮೈದನೂ ಕೈ ಜೋಡಿಸಿದ, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ, ತನ್ನ ಪಾಲಿನ ಗಾಜು ಎತ್ತಲು ಒಳಗೆ ನಡೆದ.